ಹಲಗೆ ಬೇಡ, ರೋಲರ್ ಹಾಕಿಸೋಣ

ಫೆಬ್ರವರಿ ೯

ಪ್ರೀತಿಯ ಗುಬ್ಬಿ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ದಾರದುಂಡೆಗಳ ಮಧ್ಯೆ ಕೂತು, ನಾನು ಡ್ರಾಯರು ಎಳೆದಾಗಲೆಲ್ಲ ನನ್ನನ್ನು ಕೆಕ್ಕರಿಸಿ ನೋಡುತ್ತಿತ್ತು. ಬೈಯಬೇಡ ಮಾರಾಯ್ತಿ. ಲಾರಿಯವರ ಟಾರ್ಪಾಲುಗಳು ರಾಶಿ ರಾಶಿ ಬಂದು ಬಿದ್ದಿದ್ದವು. ಎಲ್ಲರಿಗೂ ನಿನ್ನೆಯೇ ಬೇಕಿತ್ತು. ಫೋನು ಮಾಡಬಾರದಿತ್ತೇ ಎನ್ನುತ್ತೀಯ. ಫೋನಿನಲ್ಲಿ ನೀನು ನನಗೆ ಮಾತಾಡಲು ಎಲ್ಲಿ ಬಿಡುತ್ತೀಯ? ಅದೂ ಅಲ್ಲದೆ ನಿನ್ನ ಭಾವ ಬಸ್ಸು ಓಡಿಸುವುದು ನಿಲ್ಲಿಸಿದ ಮೇಲೆ ಮನೆಯಲ್ಲೇ ಠಿಕಾಣಿ ಹೂಡಿದ್ದಾರೆ. ಅವರ ಮೇಲಿನ ದೂರನ್ನು ಅವರ ಎದುರಿಗೇ ಹೇಳಲು ನನಗೇನು ಹೆದರಿಕೆಯೇ? ಆದರೆ ಮಧ್ಯೆ ಮಧ್ಯೆ ಬಾಯಿ ಹಾಕಿ ತಿದ್ದುತ್ತಾರೆ. ಆಮೇಲೆ ಬೈದ ಸುಖವೇ ಇರುವುದಿಲ್ಲ.

ಇಬ್ಬರೂ ಇದ್ದೇವೆ, ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದೇವೆ. ನನ್ನ ಸುಸ್ತಿನ ವಿಷಯ ಕೇಳಿದ್ದೀಯಲ್ಲ, ಆಸ್ಪತ್ರೆಗೆ ಹೋಗಿ ಬಂದಾಯಿತು. ಅಲ್ಲಿ ಚುಚ್ಚಿದ್ದೇ ಚುಚ್ಚಿದ್ದು. ರಕ್ತ ಕಡಿಮೆ ಇದೆಯಂತೆ, ಮಾತ್ರೆ ನುಂಗುತ್ತಿದ್ದೇನೆ. ನಿನ್ನ ಭಾವನಿಗೆ ಎಲ್ಲಿಲ್ಲದ ಕಾಳಜಿ ಉಕ್ಕಿ, ದಿನಾ ಬೆಳಿಗ್ಗೆ ಮೊಟ್ಟೆ ಬೇಯಿಸಿ ಕೊಡುತ್ತಾರೆ. ಒಂದು ದಿನವೂ ಸರಿಯಾಗಿ ಬೆಂದಿರುವುದಿಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನಮ್ಮ ದೋಣಿಯ ಟ್ರೇಲರ್ ನೀನು ನೋಡಿದ್ದೀಯ. ಜೀಪಿನ ಹಿಂದೆ ಕಟ್ಟಿಕೊಂಡು ಕೆರೆಗೆ ಹೋಗುತ್ತೇವಲ್ಲ, ಅದೇ. ಅದರ ಮೇಲೆ ಉದ್ದಕ್ಕೆ ಎರಡು ಮರದ ಹಲಗೆ, ಹಲಗೆಗೆ ಸುತ್ತಿದ ಕಾರ್ಪೆಟ್. ಕಾರ್ಪೆಟ್ ಹಳತಾದಾಗ ಕಿತ್ತು ಹೊಸತು ಹೊಡೆಯುವುದು ನಾನೇ, ಮನೆ ಮುಂದಿನ ನನ್ನ ಹೊಲಿಗೆ ಅಂಗಡಿಯಲ್ಲೇ. ದೋಣಿ ಆ ಹಲಗೆಗಳ ಮೇಲೆ ತನ್ನ ಮೈಯನ್ನೆಲ್ಲ ಊರಿ ಕೂರುತ್ತದೆ. ಭಾರ ಎಲ್ಲೂ ಒಂದೇ ಕಡೆ ಬೀಳುವುದಿಲ್ಲ. ನಮ್ಮದು ಹಳೇ ಮರದ ದೋಣಿ, ತೆಳು ಹಲಗೆಯದು. ಅದಕ್ಕೆ ಅದೇ ಸರಿ ಎಂದು ಇಷ್ಟು ವರ್ಷ ಇಟ್ಟುಕೊಂಡು ಬಂದಿದ್ದೇವೆ.

ಮೊನ್ನೆ ಚಹಾ ಕುಡಿಯುತ್ತ ಕೂತಿದ್ದಾಗ, "ಹಲಗೆ ಬೇಡ, ರೋಲರ್ ಹಾಕಿಸೋಣ" ಅಂದರು.

ರೋಲರ್ ಅಂದರೆ ರಬ್ಬರಿನ ಉರುಳೆಗಳು. ಹಲಗೆಯ ಜಾಗದಲ್ಲಿ ಸಾಲಾಗಿ ಜೋಡಿಸುತ್ತಾರೆ. ದೋಣಿ ಉರುಳಿಕೊಂಡು ಹೋಗಿ ನೀರಿಗೆ ಬೀಳುತ್ತದೆ, ಉರುಳಿಕೊಂಡು ಮೇಲೆ ಬರುತ್ತದೆ. ಕೇಳಲು ಚೆಂದ. ಆದರೆ ದೋಣಿಯ ಭಾರವೆಲ್ಲ ಅಲ್ಲೊಂದು ಇಲ್ಲೊಂದು ಉರುಳೆಯ ಮೇಲೆ ಬಿದ್ದು, ಮರ ತಗ್ಗು ಬೀಳುತ್ತದೆ. ಗ್ರೀಸ್ ಹಚ್ಚದಿದ್ದರೆ ಉರುಳೆಯೊಳಗಿನ ಕಂಬಿ ತುಕ್ಕು ಹಿಡಿದು ಕಿರುಚುತ್ತದೆ. ದೋಣಿಯನ್ನು ಹಗ್ಗದಲ್ಲಿ ಎಳೆದು ಹಿಡಿಯುವ ವಿಂಚಿನ ಕೊಕ್ಕೆಯನ್ನು ಸ್ವಲ್ಪ ಮೊದಲೇ ಬಿಚ್ಚಿದಿರೋ, ನೀರು ಮುಟ್ಟುವ ಮೊದಲೇ ದೋಣಿ ದಡದ ಕಾಂಕ್ರೀಟಿನ ಮೇಲೆ ಧೊಪ್ಪೆಂದು ಕೂರುತ್ತದೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವರೇ ನಿನ್ನ ಭಾವ. ಪಕ್ಕದ ಬೀದಿಯವರು ರೋಲರ್ ಹಾಕಿಸಿದಾಗ, "ಕಾಸು ಕೊಟ್ಟು ದೋಣಿಗೆ ಗುದ್ದು ತಿನ್ನಿಸ್ತಿದಾರೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕವರು ಇವರೇ.

"ಏನ್ರೀ ಇದು, ಇದ್ದಕ್ಕಿದ್ದ ಹಾಗೆ?" ಅಂದೆ.

"ಸುಲಭ ಆಗತ್ತೆ."

"ಯಾರಿಗೆ?"

ಅವರು ಲೋಟದೊಳಗೆ ನೋಡುತ್ತ ಕೂತರು.

ನನಗೆ ಯಾಕೆ ಇಷ್ಟು ಉರಿಯುತ್ತದೆ ಎಂದು ನಿನಗೆ ಹೇಳಲೇಬೇಕು. ಹಲಗೆಯ ಟ್ರೇಲರ್ ಇಬ್ಬರ ಕೆಲಸ. ಕೆರೆಯ ಇಳಿಜಾರು ಹೆಚ್ಚಿಲ್ಲ, ಟ್ರೇಲರನ್ನು ಆಳಕ್ಕೆ ಇಳಿಸಬೇಕು, ಒಬ್ಬರು ಸೊಂಟದವರೆಗೆ ನೀರಿನಲ್ಲಿ ನಿಂತು ದೋಣಿಯ ಮೂತಿ ಎರಡು ಹಲಗೆಯ ಮಧ್ಯೆ ಬರುವಂತೆ ಹಿಡಿಯಬೇಕು. ಇನ್ನೊಬ್ಬರು ಮೇಲೆ ವಿಂಚ್ ತಿರುಗಿಸಬೇಕು. ನೀರಿನಲ್ಲಿ ನಿಲ್ಲುವವಳು ನಾನು. "ಎಡಕ್ಕೆ ಬಂತು, ನಿಲ್ಸಿ, ಹ್ಞಾ, ಈಗ ಎಳೀರಿ" ಎಂದು ನಾನು ಕೂಗುವವರೆಗೆ ಅವರು ಹಿಡಿಕೆ ಮುಟ್ಟುವುದಿಲ್ಲ. "ಕಂಡಕ್ಟರ್ ಸೀಟಿ ಹೊಡೀದೆ ನಾನು ಗಾಡಿ ಎತ್ತಲ್ಲ" ಎಂದು ಮೊದಲ ದಿನ ಹೇಳಿದವರು ಇವತ್ತಿಗೂ ಹಾಗೇ ಮಾಡುತ್ತಾರೆ. ಮನೆಯಲ್ಲಿ ನನ್ನ ಒಂದು ಮಾತನ್ನೂ ಕೇಳದ ಮನುಷ್ಯ ಅಲ್ಲಿ ನನ್ನ ಬಾಯಿಯನ್ನೇ ನೋಡುತ್ತ ನಿಂತಿರುತ್ತಾರೆ. ಮಕ್ಕಳಿಲ್ಲದ ನಮ್ಮಿಬ್ಬರಿಗೆ ರಜೆ ಅಂದರೆ ಅದೇ, ಹಬ್ಬ ಅಂದರೆ ಅದೇ. ರೋಲರ್ ಹಾಕಿದರೆ ನೀರಿನಲ್ಲಿ ನಿಲ್ಲುವವರು ಬೇಕಾಗುವುದಿಲ್ಲ. ನಾನು ದಡದ ಮೇಲೆ ಚಪ್ಪಲಿ ಕಾಯುತ್ತ ಕೂರಬೇಕು. ನನಗೆ ಆಗುವುದಿಲ್ಲ, ಗುಬ್ಬಿ. ನೇರವಾಗಿ ಹೇಳುತ್ತಿದ್ದೇನೆ, ಆಗುವುದಿಲ್ಲ.

ಟ್ರೇಲರ್ ಕಟ್ಟುವ ವೆಲ್ಡರ್ ಇದ್ದಾನಲ್ಲ, ನಾವು ಕಿಡಿ ಎಂದು ಕರೆಯುವವನು, ಅವನನ್ನೂ ಕೇಳಿದೆ. "ಮರದ ದೋಣಿಗೆ ಹಲಗೇನೇ ಅಕ್ಕಾ, ಅದ್ರಲ್ಲಿ ಎರಡು ಮಾತಿಲ್ಲ" ಅಂದ. ಹಾಗಾಗಿ ನಾನು ಗೆದ್ದ ಹಾಗೇ. ಆದರೂ ನೀನೊಮ್ಮೆ ಫೋನು ಮಾಡಿ ನಿನ್ನ ಭಾವನಿಗೆ ಹೇಳು. ನಾನು ಹೇಳಿದರೆ ಹಟ ಎನ್ನುತ್ತಾರೆ, ನೀನು ಹೇಳಿದರೆ ಬುದ್ಧಿವಾದ ಎನ್ನುತ್ತಾರೆ. ನೀನು ನನ್ನ ಕಡೆ ಇದ್ದೀಯ ಎಂದು ಗೊತ್ತಾದರೆ ಬಾಲ ಮುದುರಿಕೊಳ್ಳುತ್ತಾರೆ.

ಮಕ್ಕಳಿಗೆ ನನ್ನ ಮುತ್ತು. ದೊಡ್ಡವನಿಗೆ ಹೊಲಿದ ಸ್ಕೂಲುಚೀಲದ ಅಳತೆ ಸರಿಯಾಯಿತೇ ತಿಳಿಸು. ನಿನ್ನ ಸಂಸಾರ ತಣ್ಣಗಿರಲಿ.

ನಿನ್ನ
ಅಕ್ಕ


ಮಾರ್ಚ್ ೩

ಪ್ರೀತಿಯ ಗುಬ್ಬಿ,

ಈ ಸಲ ತಡ ಮಾಡಿದ್ದು ಕೆಲಸದಿಂದಲ್ಲ, ಕೋಪದಿಂದ. ನಿನ್ನ ಕಾಗದ ಓದಿ ಮಡಚಿಟ್ಟವಳು ಮತ್ತೆ ತೆಗೆಯಲಿಲ್ಲ. ನೀನು ಕಳಿಸಿದ ಸ್ವೆಟರ್ ಬಂದಿದೆ. ಚೆನ್ನಾಗಿದೆ, ಬೆಚ್ಚಗಿದೆ. ಸ್ವೆಟರ್ ಕಳಿಸಿದ್ದಕ್ಕೆ ಸಂತೋಷ, ಜೊತೆಗೆ ಕಳಿಸಿದ ಉಪದೇಶಕ್ಕೆ ನಮಸ್ಕಾರ.

"ಈ ವಯಸ್ಸಲ್ಲಿ ಸೊಂಟದವರೆಗೆ ನೀರಲ್ಲಿ ನಿಲ್ಲೋದು ಯಾಕಕ್ಕ, ಭಾವ ಹೇಳಿದ ಹಾಗೆ ಕೇಳು, ಹಟ ಮಾಡಬೇಡ" ಎಂದು ಬರೆದಿದ್ದೀಯ. ಈ ವಯಸ್ಸು! ನನ್ನ ಬೆನ್ನಿಗೆ ಹುಟ್ಟಿದ ಮಾತ್ರಕ್ಕೆ ನೀನೇನು ಎಳೆಗೂಸೇ? ಹುಡುಗಿಯಾಗಿದ್ದಾಗ ನನ್ನ ಪರವಾಗಿ ಅಪ್ಪನ ಎದುರು ಕಚ್ಚಾಡುತ್ತಿದ್ದವಳು, ಈಗ ಭಾವ ಎಂದರೆ ಬೆಣ್ಣೆಯ ಹಾಗೆ ಕರಗುತ್ತೀಯ. ನಾನು ನಿನ್ನನ್ನು ಕೇಳಿದ್ದು ಹಲಗೆಯ ಪರವಾಗಿ ಒಂದು ಮಾತು. ನೀನು ಪೂರ್ತಿ ಆ ಕಡೆ ಹೋಗಿ ಕೂತೆ. ಅವರಿಗೆ ಫೋನು ಮಾಡಿದ್ದೂ ಗೊತ್ತು. ಅವರು ಹಿತ್ತಿಲಿಗೆ ಹೋಗಿ ಪಿಸುಪಿಸು ಮಾತಾಡಿದರು. ನಾನು ಒಳಗೆ ಯಂತ್ರ ತುಳಿಯುತ್ತಿದ್ದೆ, ಆದರೂ ನಿನ್ನ ಹೆಸರು ಹಿಡಿದು ಕರೆದದ್ದು ಕೇಳಿಸಿತು.

ಕಿಡಿಯೂ ತಿರುಗಿಬಿದ್ದ. ಅಂಗಡಿಯ ಮುಂದೆ ಹೋಗುತ್ತಿದ್ದವನನ್ನು ಕೂಗಿ, "ಏನಪ್ಪಾ, ಅಣ್ಣನಿಗೆ ಬುದ್ಧಿ ಹೇಳಿದ್ಯಾ?" ಅಂದೆ. ಕಾಲಿನಿಂದ ನೆಲ ಕೆರೆಯುತ್ತ, "ಮೆತ್ತಗಿರೋ ರೋಲರ್ ಬರತ್ತೆ ಅಕ್ಕಾ, ಜಾಸ್ತಿ ಹಾಕಿದ್ರೆ ದೋಣಿಗೇನೂ ಆಗಲ್ಲ, ಹಾಕಿಸ್ಬಿಡಿ" ಅಂದ. ಎರಡು ಮಾತಿಲ್ಲ ಎಂದವನು ಎರಡನೇ ಮಾತು ಆಡಿದ. ಅವನಿಗೆ ರೋಲರ್ ಮಾರುವ ಆಸೆ ಎಂದುಕೊಂಡೆ. ಆದರೆ ಆಸೆಬುರುಕನ ಮುಖ ಹಾಗಿರುವುದಿಲ್ಲ.

ಇವರದೋ ಹೊಸ ಹೊಸ ಚಾಳಿ. ಅಂಗಡಿಗೆ ಬಂದು ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಾರೆ. "ದೋಣಿಯ ಹೊದಿಕೆಗೆ ಯಾವ ದಾರ ಹಾಕ್ತೀಯ? ಹಗ್ಗದ ತೂತಿಗೆ ಈ ರಿಂಗು ಹೇಗೆ ಒತ್ತೋದು?" ಇಷ್ಟು ವರ್ಷ ಸೂಜಿಗೆ ದಾರ ಪೋಣಿಸದ ಮನುಷ್ಯ! ಗ್ಯಾಸಿನವನ ನಂಬರು ಎಲ್ಲಿ, ಚಳಿಗಾಲದ ರಗ್ಗು ಯಾವ ಪೆಟ್ಟಿಗೆಯಲ್ಲಿ, ನೀರಿನ ಮೋಟರು ಹಟ ಹಿಡಿದರೆ ಎಲ್ಲಿ ತಟ್ಟುತ್ತೀಯ ಎಂದೆಲ್ಲ ವಿಚಾರಣೆ. ಮೊದಲು ನಗು ಬಂತು. "ಏನ್ರೀ, ನನ್ನ ಅಂಗಡಿ ಕಿತ್ಕೊಳ್ಳೋ ಪ್ಲಾನಾ?" ಎಂದು ಕಾಲೆಳೆದೆ. ಅವರು ನಗಲಿಲ್ಲ. ಆಮೇಲೆ ನನಗೂ ನಗು ನಿಂತಿತು.

ನಿನ್ನ ಹತ್ತಿರ ಮುಚ್ಚಿಡುವುದೇನು, ನನ್ನ ತಲೆ ಎಲ್ಲೆಲ್ಲಿಗೋ ಹೋಯಿತು. ಇವರಿಗೆ ನಾನು ಸಾಕಾಗಿದ್ದೇನೆಯೇ? ಕೆರೆಯ ಆ ದಡದಲ್ಲಿ ಒಂದು ಕೋಣೆ ಮಾಡಿಕೊಂಡು ಒಬ್ಬರೇ ಇರುವ ಯೋಚನೆಯೇ? ಬೇರೆ ಹೆಂಗಸು ಎಂದೂ ಯೋಚಿಸಿ ನೋಡಿದೆ. ಆದರೆ ಆ ಮೊಟ್ಟೆ ತಿಂದು ಯಾರು ಉಳಿಯುತ್ತಾರೆ ಹೇಳು.

ಮೊನ್ನೆ ಶನಿವಾರ ಕಿಡಿಯ ಶೆಡ್ಡಿನ ಮುಂದೆ ಹಾದು ಬರುತ್ತಿದ್ದೆ. ಗೋಡೆಗೆ ಒರಗಿಸಿ ಎರಡು ಹಲಗೆ ನಿಲ್ಲಿಸಿದ್ದರು. ಕಂದು ಕಾರ್ಪೆಟ್, ನಾನೇ ಮಡಚಿ ಮೊಳೆ ಹೊಡೆದ ಅಂಚು. ಒಳಗೆ ನಮ್ಮ ಟ್ರೇಲರ್ ಬರಿಮೈಯಲ್ಲಿ ನಿಂತಿತ್ತು. ಒಂದು ಕಡೆ ಆಗಲೇ ಕಪ್ಪು ಉರುಳೆಗಳ ಸಾಲು ಕೂರಿಸಿಯೂ ಆಗಿತ್ತು. ನನಗೆ "ಟೈರಿಗೆ ಗಾಳಿ ಹಾಕಿಸ್ಕೊಂಡು ಬರ್ತೀನಿ" ಎಂದು ಹೇಳಿ ತೆಗೆದುಕೊಂಡು ಹೋಗಿದ್ದರು. ನನ್ನ ಕಿವಿ ಮೇಲೆ ಹೂವಿಟ್ಟು!

ಊಟಕ್ಕೆ ಕೂತಾಗ ಕೇಳಿದೆ. ತಟ್ಟೆ ಬಡಿದೆ ಎಂದೂ ಇಟ್ಟುಕೊ.

"ಒಬ್ಬನೇ ಎತ್ತೋ ಹಾಗೆ ಇರಬೇಕು, ಅದಕ್ಕೇ" ಅಂದರು.

"ಯಾಕೆ ಒಬ್ಬರೇ? ನಾನೇನು ಸತ್ತು ಹೋಗಿದೀನಾ?"

ಅವರು ಎದ್ದು ಹೋಗಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಯನ್ನು ಮತ್ತೆ ತೊಳೆಯತೊಡಗಿದರು. ಅಂದಿನಿಂದ ನಾವು ಮಾತು ಬಿಟ್ಟಿದ್ದೇವೆ. ನಾನು ಬಿಟ್ಟಿದ್ದೇನೆ. ಅವರು ಆಡುತ್ತಾರೆ, ನಾನು ಉತ್ತರ ಕೊಡುವುದಿಲ್ಲ. ಎಷ್ಟು ದಿನವಾದರೂ ಸರಿ, ಹಲಗೆ ವಾಪಸು ಬರುವವರೆಗೆ ನನ್ನ ಬಾಯಿಗೆ ಬೀಗ.

ನೀನಾದರೂ ಒಂದು ಸಲ ಯೋಚಿಸಿ ನೋಡು, ನಿನ್ನ ಅಕ್ಕನಿಗೆ ಇದರಲ್ಲಿ ಏನು ಹೋಗುತ್ತದೆ ಎಂದು. ನಿನಗೂ ನಿನ್ನವರಿಗೂ ಒಳ್ಳೆಯದಾಗಲಿ. ಸ್ವೆಟರ್ ಹಾಕಿಕೊಂಡೇ ಬರೆಯುತ್ತಿದ್ದೇನೆ, ಅಷ್ಟರ ಮಟ್ಟಿಗೆ ಕ್ಷಮಿಸಿದ್ದೇನೆ.

ನಿನ್ನ
ಅಕ್ಕ


ಮಾರ್ಚ್ ೨೮

ಗುಬ್ಬಿ,

ತಡವಾಗಿದೆ. ಈ ಸಲ ನಾನು ಕ್ಷಮೆ ಕೇಳುವುದಿಲ್ಲ. ನೀನು ಫೋನು ಮಾಡಿದಾಗಲೆಲ್ಲ ಕಟ್ ಮಾಡಿದವಳು ನಾನೇ. ಮಾತಾಡಿದ್ದರೆ ಬಾಯಿಗೆ ಬಂದದ್ದನ್ನೆಲ್ಲ ಆಡಿಬಿಡುತ್ತಿದ್ದೆ. ಕಾಗದದಲ್ಲಾದರೆ ಬರೆದದ್ದನ್ನು ಹೊಡೆದು ಹಾಕಬಹುದು. ಎರಡು ಹಾಳೆ ಹರಿದು ಇದು ಮೂರನೆಯದು.

ಕಳೆದ ಭಾನುವಾರ ರೋಲರಿನ ಪರೀಕ್ಷೆ. ನಾನು ಬರುವುದಿಲ್ಲ ಎಂದಿದ್ದೆ. ಕಿಡಿ ಮನೆಗೇ ಬಂದು, "ನೀವಿಲ್ಲದೆ ಹೇಗೆ ಅಕ್ಕಾ, ಬನ್ನಿ, ತಪ್ಪಿದ್ರೆ ಹೇಳಿ, ಈಗ್ಲೇ ಕಿತ್ತು ಹಾಕ್ತೀನಿ" ಎಂದು ಗೋಗರೆದ. ತಪ್ಪು ಹುಡುಕಲೆಂದೇ ಹೋದೆ. ನೀರು ತುಂಬ ಕೆಳಗೆ ಇತ್ತು. ಇವರು ಜೀಪು ಹಿಂದಕ್ಕೆ ತಂದರು, ಒಂದೇ ಸಲಕ್ಕೆ, ಬಸ್ಸಿನವರಲ್ಲವೇ. ದೋಣಿ ಇಳಿಯಿತು. ಸ್ವಲ್ಪ ಹೊತ್ತು ಹುಟ್ಟು ಹಾಕಿಕೊಂಡು ತಿರುಗಿ ಬಂದರು. ದೋಣಿ ಏರಿತು. ಅದರ ಬಗ್ಗೆ ಈಗ ಇಷ್ಟು ಸಾಕು.

ನಾನು ಇಳಿಜಾರಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದೆ. ಕಿಡಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟು ಪಕ್ಕದಲ್ಲಿ ಕೂತ. ನನ್ನ ಮುಖ ನೋಡಿ ಅವನಿಗೆ ಏನನ್ನಿಸಿತೋ, ಸಮಾಧಾನ ಹೇಳಲು ಹೊರಟ. ಪಾಪ, ಒಳ್ಳೆಯ ಮನಸ್ಸಿನಿಂದಲೇ.

"ಧೈರ್ಯ ಬಿಡಬೇಡಿ ಅಕ್ಕಾ. ನಮ್ಮತ್ತೆಗೂ ಇದೇ ಆಗಿತ್ತು. ಡಾಕ್ಟ್ರು ಒಂದು ವರ್ಷ ಅಂದಿದ್ರು. ಅದರ ಮೇಲೂ ಎಷ್ಟೋ ಕಾಲ ಇದ್ರು. ಎಲ್ಲಾ ಅವರು ಹೇಳ್ದಂಗೇ ಆಗಲ್ಲ."

"ಇದೇ ಅಂದ್ರೆ ಯಾವುದು?" ಅಂದೆ.

ಅವನು ನನ್ನನ್ನು ನೋಡಿದ, ಕೆಳಗೆ ಇವರನ್ನು ನೋಡಿದ. "ಅಯ್ಯೋ" ಅಂದ. ಅಷ್ಟೇ. ಎದ್ದು ತನ್ನ ಬೈಕಿನ ಕಡೆಗೆ ಹೋಗಿಬಿಟ್ಟ, ಫ್ಲಾಸ್ಕನ್ನೂ ಬಿಟ್ಟು.

ನಾನು ಕೆಳಗೆ ಇಳಿದು ಹೋದೆ. ನಿನ್ನ ಭಾವ ರೋಲರುಗಳನ್ನು ಬಟ್ಟೆಯಿಂದ ಒರೆಸುತ್ತಿದ್ದರು.

"ರೀ, ಕಿಡಿಯ ಅತ್ತೆಗೆ ಏನಾಗಿತ್ತು?"

ಅವರು ಒರೆಸಿದ ರೋಲರನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ನಾನು ಬಟ್ಟೆ ಕಿತ್ತುಕೊಂಡೆ. ಆಗ ಹೇಳಿದರು. ಟ್ರೇಲರಿಗೆ ಒರಗಿ, ನೀರಿನ ಕಡೆ ನೋಡುತ್ತ, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದರು. ನನ್ನ ಹೊಟ್ಟೆಯೊಳಗೆ ಗಡ್ಡೆ. ಕತ್ತರಿ ಹಾಕುವ ಜಾಗದಲ್ಲಿಲ್ಲ. ಹಬ್ಬಿದೆ. ರಕ್ತ ಕಡಿಮೆ ಎಂಬುದೂ ನಿಜವೇ ಅಂತೆ, ಅದೂ ಅದರಿಂದಲೇ.

"ಎಷ್ಟು ದಿನ?"

"ಒಂದು ವರ್ಷ ಅಂದ್ರು. ಜಾಸ್ತೀನೂ ಆಗಬಹುದು."

"ಕಡಿಮೆನೂ."

"ಹೂಂ. ಕಡಿಮೆನೂ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳ್ಬೇಕು ಅಂತಾನೇ ಇದ್ದೆ. ಆಸ್ಪತ್ರೆಯಿಂದ ಹೊರಗೆ ಬರೋವಾಗ್ಲೇ ಬಾಯಿಗೆ ಬಂದಿತ್ತು. ಗುಬ್ಬೀಗೆ ಫೋನ್ ಮಾಡ್ದೆ. ಅವಳು ಬೇಡ್ವೇ ಬೇಡ ಅಂದ್ಲು. ಅಕ್ಕ ಅವತ್ತೇ ಊಟ ಬಿಡ್ತಾಳೆ, ಯಂತ್ರ ಮುಚ್ಚಿಡ್ತಾಳೆ, ಇರೋಷ್ಟು ದಿನ ನಗ್ತಾ ಇರ್ಲಿ ಅಂದ್ಲು. ನನ್ನ ಕೈಯಿಂದ ಆಣೆ ಹಾಕಿಸ್ಕೊಂಡ್ಲು."

ಹೀಗೆ ನಿನ್ನ ಹೆಸರು ಬಂತು, ಗುಬ್ಬಿ. ಬೇರೆ ಯಾರ ಹೆಸರು ಬಂದಿದ್ದರೂ ತಡೆದುಕೊಳ್ಳುತ್ತಿದ್ದೆ.

ನಾನು ನಗುತ್ತ ಇದ್ದೆನೇ? ನನ್ನ ಎರಡೂ ಕಾಗದ ತೆಗೆದು ಓದು. ನಾನು ಹಲಗೆ ಹಲಗೆ ಎಂದು ಗಂಟಲು ಹರಿದುಕೊಂಡು ಬರೆದಿದ್ದೇನೆ. ನೀನು ಅದನ್ನು ಓದಿದ್ದೀಯ. ಎಲ್ಲ ಗೊತ್ತಿದ್ದು ಓದಿದ್ದೀಯ. "ನಾನೇನು ಸತ್ತು ಹೋಗಿದೀನಾ" ಎಂದು ಬರೆದ ಸಾಲಿನ ಮೇಲೆ ನಿನ್ನ ಕಣ್ಣು ಹೋದಾಗ ನೀನು ಏನು ಮಾಡಿದೆ? ಕಾಗದ ಮಡಚಿ ಅಡುಗೆಮನೆಗೆ ಹೋದೆಯಾ? ಮಕ್ಕಳಿಗೆ ತಲೆ ಬಾಚಿದೆಯಾ? ನನಗೆ ತಿಳಿಯಬೇಕು.

ನನ್ನ ಹೊಟ್ಟೆಯ ವಿಷಯ ನಿನಗೆ ಗೊತ್ತು, ಅವರಿಗೆ ಗೊತ್ತು, ಟ್ರೇಲರ್ ಕಟ್ಟುವ ಕಿಡಿಗೂ ಗೊತ್ತು. ಮರದ ದೋಣಿಗೆ ರೋಲರ್ ಯಾಕೆ ಎಂದು ಅವನು ಜಗ್ಗದೆ ನಿಂತಾಗ ಕಾರಣ ಹೇಳಲೇಬೇಕಾಯಿತಂತೆ. ವೆಲ್ಡರಿಗೆ ಕಾರಣ ಹೇಳಬೇಕು, ಹೆಂಡತಿಗೆ ಬೇಡ! ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ಸೇರಿ ನನ್ನ ಸಾವಿನ ಏರ್ಪಾಡು ಮಾಡುತ್ತಿದ್ದಿರಿ, ನಾನು ಮಧ್ಯದಲ್ಲಿ ಪೆದ್ದಿಯ ಹಾಗೆ ಕಾರ್ಪೆಟಿನ ಬಣ್ಣ ಆರಿಸುತ್ತಿದ್ದೆ.

ನೀನು ಹೇಳಿದ್ದು ಸುಳ್ಳೂ ಅಲ್ಲ. ನಾನು ಊಟ ಬಿಡುತ್ತಿದ್ದೆ. ಎರಡು ದಿನ ಬಿಡುತ್ತಿದ್ದೆ, ಮೂರನೇ ದಿನ ಹಸಿವಾಗುತ್ತಿತ್ತು. ಅಷ್ಟನ್ನು ನನಗೆ ಬಿಟ್ಟುಕೊಡಬಾರದಿತ್ತೇ? ಅತ್ತು ಮುಗಿಸಿ ಅವರ ಪಕ್ಕದಲ್ಲಿ ಕೂತು ನಾವಿಬ್ಬರೂ ಮಾತಾಡುತ್ತಿದ್ದೆವು. ಯಾವ ದಾರ, ಯಾವ ಪೆಟ್ಟಿಗೆ ಎಂದು ಅವರು ಕೇಳಿದಾಗ ನಾನು ಗೇಲಿ ಮಾಡದೆ ಹೇಳಿಕೊಡುತ್ತಿದ್ದೆ. ಅದರ ಬದಲು ಏನಾಯಿತು? ನನಗೆ ಇರುವುದೇ ಇಷ್ಟು ದಿನ. ಅದರಲ್ಲಿ ವಾರಗಟ್ಟಲೆ ನಾನು ಅವರ ಜೊತೆ ಮಾತು ಬಿಟ್ಟು ಮುಖ ಊದಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದೆ. ಆ ದಿನಗಳನ್ನು ನನ್ನಿಂದ ಕದ್ದವಳು ನೀನು. ಕದ್ದವಳು ಎಂಬ ಮಾತು ಹೊಡೆದು ಹಾಕೋಣವೇ ಎಂದು ಪೆನ್ನು ಹಿಡಿದು ಕೂತೆ. ಹೊಡೆದು ಹಾಕುವುದಿಲ್ಲ, ಇರಲಿ.

ಅವರ ಮೇಲೆ ಕೋಪ ಇಲ್ಲವೇ ಎಂದರೆ, ಇದೆ. ಬೆಟ್ಟದಷ್ಟಿದೆ. ಆದರೆ ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಬಾಯಿ ಬಿಗಿದಿಟ್ಟ ಮೇಲೆ ಕೈ ಸುಮ್ಮನಿರಲಿಲ್ಲ, ಟ್ರೇಲರನ್ನು ಹಿಡಿದುಕೊಂಡರು. ಇಷ್ಟು ವರ್ಷ ನನ್ನ ಜೊತೆ ದೋಣಿ ಎತ್ತಿದವರಿಗೆ, ರೋಲರ್ ಎಂದ ಕೂಡಲೇ ನಾನು ಯಾಕೆ ಎಂದು ಕೇಳುತ್ತೇನೆ ಎಂಬಷ್ಟೂ ಹೊಳೆಯಲಿಲ್ಲ ನೋಡು.

ಸೋಮವಾರ ನಾನೇ ಕಿಡಿಯ ಶೆಡ್ಡಿಗೆ ಹೋದೆ. "ರೋಲರ್ ಬಿಚ್ಚು, ಹಲಗೆ ಹಾಕು" ಅಂದೆ. ಅವನು ಸ್ಪ್ಯಾನರ್ ತೆಗೆದುಕೊಂಡ. ನಿನ್ನ ಭಾವ ಹಿಂದೆಯೇ ಓಡಿಬಂದರು.

"ಹಲಗೆ ಹಾಕಿದ್ರೆ ನೀನು ನೀರಿಗಿಳೀಬೇಕಾಗತ್ತೆ."

"ಇಳೀತೀನಿ."

"ಡಾಕ್ಟ್ರು ತಣ್ಣೀರಲ್ಲಿ ನಿಲ್ಲಬಾರದು ಅಂದಿದಾರೆ."

"ನನಗ್ಯಾವ ಡಾಕ್ಟ್ರೂ ಏನೂ ಹೇಳಿಲ್ಲ. ಹೇಳಿದ್ದು ನಿಮಗೆ. ನೀವು ಇಳೀಬೇಡಿ."

ಕಿಡಿಗೆ ನಗು ಬಂದು, ನಗಬಾರದೆಂದು ಟ್ರೇಲರಿನ ಕೆಳಗೆ ತೂರಿಕೊಂಡ. ಇವರಿಗೂ ಬಂತು. ಆಮೇಲೆ ಇವರು ಶೆಡ್ಡಿನ ಹಿಂದೆ ಹೋದರು. ಬಹಳ ಹೊತ್ತು ಬರಲಿಲ್ಲ. ನಾನು ಕರೆಯಲು ಹೋಗಲಿಲ್ಲ.

ರೋಲರುಗಳನ್ನು ಗೋಣಿಚೀಲದಲ್ಲಿ ಕಟ್ಟಿಸಿ ಅಟ್ಟದ ಮೇಲೆ ಹಾಕಿಸಿದ್ದೇನೆ. ನಾನು ಇರುವವರೆಗೆ ಹಲಗೆ. ಆಮೇಲೆ ಅವರಿಷ್ಟ. ನಿಲ್ಲಲು ಆಗದ ದಿನ ಬಂದರೆ ದಡದಲ್ಲಿ ಕುರ್ಚಿ ಹಾಕಿಕೊಂಡು ಕೂಗುತ್ತೇನೆ, ನೀರಿನಲ್ಲಿ ನಿಲ್ಲಲು ನೀನು ಬಾ. ಹೌದು, ನೀನೇ. ಆದರೆ ಈಗಲೇ ಬರಬೇಡ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಬರುವಾಗ ಅಳುಮೋರೆ ಹೊತ್ತುಕೊಂಡು ಬಂದೆಯೋ, ಬಾಗಿಲಲ್ಲೇ ನಿಲ್ಲಿಸುತ್ತೇನೆ. ಮತ್ತೊಂದು ಮಾತು, ಇನ್ನು ಮುಂದೆ ನನ್ನ ವಿಷಯವಾಗಿ ಏನಾದರೂ ಮುಚ್ಚಿಟ್ಟರೆ ಈ ಜನ್ಮದಲ್ಲಿ ನಿನ್ನ ಮುಖ ನೋಡುವುದಿಲ್ಲ. ಜನ್ಮ ಚಿಕ್ಕದಿದೆ ಎಂದು ಅದನ್ನು ಹಗುರ ಮಾಡಿಕೊಳ್ಳಬೇಡ.

ನಿನ್ನ ಮಕ್ಕಳು ಚೆನ್ನಾಗಿರಲಿ, ನಿನ್ನ ಯಜಮಾನರು ಚೆನ್ನಾಗಿರಲಿ. ನೀನೂ ಚೆನ್ನಾಗಿರು. ಉಳಿದದ್ದೆಲ್ಲ ಸಿಟ್ಟಿನಲ್ಲಿ ಬರೆದದ್ದು, ಇದೊಂದು ಸಾಲು ಅಲ್ಲ.

ಅಕ್ಕ

ತಾ.ಕ.: ಭಾನುವಾರದ್ದು ಪೂರ್ತಿ ಹೇಳಲಿಲ್ಲ. ನಿನಗಲ್ಲದೆ ಇನ್ಯಾರಿಗೆ ಹೇಳಲಿ. ಕಿಡಿ ಬಾಯಿ ಬಿಡುವ ಮೊದಲಿನ ಮಾತು ಇದು. ಅವರು ಒಬ್ಬರೇ ಕೊಕ್ಕೆ ಸಿಕ್ಕಿಸಿ, ಒಂದೇ ಕೈಯಲ್ಲಿ ಹಿಡಿಕೆ ತಿರುಗಿಸಿದರು. ದೋಣಿ ಸದ್ದಿಲ್ಲದೆ, ಎಡಕ್ಕೂ ಬಾರದೆ ಬಲಕ್ಕೂ ಹೋಗದೆ ನೆಟ್ಟಗೆ ಬಂದು ಕೂತಿತು. ನಾನು ನೀರಿನಲ್ಲಿ ನಿಂತು ಇಷ್ಟು ವರ್ಷ ಕೂಗಿದ್ದೇನಲ್ಲ, ಒಂದು ಸಲವೂ ಅಷ್ಟು ನೆಟ್ಟಗೆ ಬಂದಿಲ್ಲ. ಅದನ್ನು ನೋಡಿ ಅವರು ನಕ್ಕರು, ಗುಬ್ಬಿ. ಮೊದಲ ಸಲ ಬಸ್ಸು ಓಡಿಸಿದ ಹುಡುಗನ ಹಾಗೆ, ಬಾಯಿ ತುಂಬ. ನಾನು ಕಟ್ಟೆಯ ಮೇಲೆ ಕೂತಿದ್ದೇನೆ ಎಂಬುದು ನೆನಪಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.